ಟವರಿನ ತರಂಗ, ಕಾಕಾ ಕೇಳಿದ ಪ್ರಶ್ನೆ



ಒಮ್ಮೆ ಊರಿಗೆ ಬಂದಾಗ, ಕಲ್ಲಿನ ಗಣಿಯಲ್ಲಿ ದುಡಿದ ನಮ್ಮ ಕಾಕಾ ಕೇಳಿದರು: "ತಮ್ಮಾ, ನೀ ಇಂಜಿನಿಯರ್ ಅದಿ. ಹೊಸ ಟವರಿನ ಕಿರಣಕ್ಕ ಕ್ಯಾನ್ಸರ್ ಬರ್ತದಂತ, ಖರೇ ಏನು?" ನಾನು ನಕ್ಕುಬಿಟ್ಟೆ. ಕಾಕಾ ಸುಮ್ಮನಾದರು. ನಿಜ ಹೇಳಬೇಕೆಂದರೆ ಉತ್ತರ ನನಗೂ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ಇಂದು ಹೇಳುತ್ತೇನೆ.

ಇಂದಿನ 5ಜಿ ನಡೆಯುವುದು ಗಿಗಾಹರ್ಟ್ಜ್ ತರಂಗಗಳಲ್ಲಿ. ಮುಂದಿನ 6ಜಿಗಾಗಿ ಟೆರಾಹರ್ಟ್ಜ್ ಸಮೀಪದ ತರಂಗಗಳನ್ನೂ ಪರೀಕ್ಷಿಸುತ್ತಿದ್ದಾರೆ. ಒಂದು ಟೆರಾಹರ್ಟ್ಜ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಕಂಪನ. ಸಂಖ್ಯೆ ಹೆದರಿಸುತ್ತದೆ. ಆದರೆ ಕಣ್ಣಿಗೆ ಕಾಣುವ ಬೆಳಕು ಅದಕ್ಕಿಂತ ನೂರಾರು ಪಟ್ಟು ಹೆಚ್ಚು ಕಂಪಿಸುತ್ತದೆ.

ಶಹಾಬಾದ್ ಕಲ್ಲಿನ ಮೇಲೆ ಒಂದು ಚೀಲ ತೊಗರಿಕಾಳನ್ನು ಒಂದೊಂದಾಗಿ ಎಸೆದರೂ ಕಲ್ಲು ಒಡೆಯದು; ಸುತ್ತಿಗೆಯ ಒಂದೇ ಪೆಟ್ಟಿಗೆ ಒಡೆದೀತು. ಎಕ್ಸ್‌ರೇ ಸುತ್ತಿಗೆಯಂತೆ, ಜೀವಕೋಶದ ಡಿಎನ್‌ಎಯನ್ನು ಕಡಿಯಬಲ್ಲದು. ಟೆರಾಹರ್ಟ್ಜ್ ತೊಗರಿಕಾಳಿನಂತೆ. ಅಣುವಿನಿಂದ ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿಯ ಸಾವಿರದಲ್ಲೊಂದು ಪಾಲೂ ಒಂದು ಟೆರಾಹರ್ಟ್ಜ್ ತರಂಗದ ಒಂದು ಕಣಕ್ಕಿಲ್ಲ. ಟವರಿನ ತರಂಗಕ್ಕೆ ಇನ್ನೂ ಕಡಿಮೆ.

ಚರ್ಮದಲ್ಲಿರುವ ನೀರು ಟೆರಾಹರ್ಟ್ಜ್ ತರಂಗವನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಅದು ಒಂದು ಮಿಲಿಮೀಟರ್ ಆಳಕ್ಕೂ ಇಳಿಯುವುದಿಲ್ಲ. ಮುಖ್ಯವಾಗಿ ಬಿಸಿ ಮಾಡುತ್ತದೆ. ಹಾಗೆಂದು ಪ್ರಶ್ನೆ ಮುಗಿದಿಲ್ಲ. 2013ರಲ್ಲಿ ಕೆನಡಾದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಚರ್ಮದ ಮೇಲೆ ಅತಿ ತೀವ್ರ ಟೆರಾಹರ್ಟ್ಜ್ ಮಿಡಿತಗಳನ್ನು ಬಿಟ್ಟಾಗ ಡಿಎನ್‌ಎ ಹಾನಿಯ ಗುರುತು ಕಂಡಿತು. ಜೀವಕೋಶ ಅದನ್ನು ದುರಸ್ತಿ ಮಾಡಿಕೊಳ್ಳುವ ಸೂಚನೆಯೂ ಕಂಡಿತು. ಆದ್ದರಿಂದಲೇ ಮಿತಿ ಬೇಕು. ನಮ್ಮ ದೇಶ 2012ರ ಸೆಪ್ಟೆಂಬರ್ 1ರಿಂದ ಟವರುಗಳ ವಿಕಿರಣ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲಿಗೆ ಇಳಿಸಿತು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ರೇಡಿಯೊ ತರಂಗಗಳನ್ನು ಕ್ಯಾನ್ಸರ್ 'ತಂದರೂ ತರಬಹುದು' ಎಂಬ ಗುಂಪಿಗೆ ಸೇರಿಸಿತು. ಅಗಿಯುವ ತಂಬಾಕು ಇರುವುದು 'ಖಂಡಿತ ತರುತ್ತದೆ' ಎಂಬ ಗುಂಪಿನಲ್ಲಿ. ಅಂದು ಪ್ರಶ್ನೆ ಕೇಳುವಾಗ ಕಾಕಾ ಅವರ ದವಡೆಯಲ್ಲಿ ತಂಬಾಕು ಇತ್ತು. ನಗುವ ಬದಲು ನಾನು ಹೇಳಬೇಕಾಗಿದ್ದ ಮಾತು ಅದು. ಹೋದ ದೀಪಾವಳಿಗೆ ಹೇಳಿದೆ. ಪೂರ್ತಿ ಬಿಟ್ಟಿಲ್ಲ, ಕಡಿಮೆ ಮಾಡಿದ್ದಾರೆ.

ಈ ಶಾಲೆಯ ನಮ್ಮ ವಿಜ್ಞಾನದ ಗುರುಗಳು ಯಾರ ಪ್ರಶ್ನೆಗೂ ನಗುತ್ತಿರಲಿಲ್ಲ. "ಬರ್ರಿ, ನೋಡೋಣು" ಎಂದು ಬೋರ್ಡಿನ ಕಡೆ ತಿರುಗುತ್ತಿದ್ದರು. ಪಟ್ಟಣ ಸೇರಿ ನಾನು ಆ ಪಾಠ ಮರೆತಿದ್ದೆ. ಮಕ್ಕಳೇ, ನೀವು ಮರೆಯಬೇಡಿ.