ಕನ್ನಂಬಾಡಿ ತುಂಬಿದರೆ ಸಾಕೆ?

(ಸುವರ್ಣ ಮಹೋತ್ಸವದ ಹಿರಿಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



"ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪ" ಎಂದು ಸಮಿತಿಯವರು ಕೇಳಿದ್ದರು. ಅವರ ಅಪ್ಪಣೆ ಪಡೆದು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಮಾತು ಬಾರದ, ಓದು ಹತ್ತದ, ವಯಸ್ಸಿಗೆ ತಕ್ಕಂತೆ ಬೆಳೆಯದ ಮಕ್ಕಳು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ನಾವು ಓದುವಾಗ ಅಂಥವರಿಗೆ ಅಡ್ಡಹೆಸರು ಇಟ್ಟು ಕರೆಯುತ್ತಿದ್ದರು. ಅವರಲ್ಲಿ ಕೆಲವರಿಗೆ ಆ ಕಷ್ಟ ಬಾರದಂತೆ ತಡೆಯಬಹುದಿತ್ತು, ಇನ್ನು ಕೆಲವರ ಕಷ್ಟವನ್ನು ಬಹಳಷ್ಟು ಕಡಿಮೆ ಮಾಡಬಹುದಿತ್ತು. ಅದಕ್ಕೆ ಬೇಕಾದ ವಿದ್ಯೆಯನ್ನು ವಿಜ್ಞಾನಿಗಳು ಎಂದೋ ಕಂಡುಹಿಡಿದಿದ್ದಾರೆ. ಆ ವಿದ್ಯೆ ನಮ್ಮ ಮನೆ ಬಾಗಿಲಿಗೆ ಬರುವ ದಾರಿಯ ಬಗ್ಗೆ ಇಂದು ಮಾತಾಡುತ್ತೇನೆ. ನಾನು ವೈದ್ಯನಲ್ಲ, ಬಿ.ಇ. ಓದಿದವನು. ನಮ್ಮ ಮನೆಯಲ್ಲೇ ಅಂಥ ಒಂದು ಮಗು ಇರುವುದರಿಂದ ಇದನ್ನೆಲ್ಲ ಓದಿ, ಕೇಳಿ ತಿಳಿದುಕೊಂಡೆ.

ಮೊದಲು ಒಬ್ಬ ತಾಯಿಯ ಕತೆ. ನಾರ್ವೆ ದೇಶದ ಬೋರ್ಗ್ನಿ ಎಗೆಲಾಂಡ್ ಅವರ ಇಬ್ಬರು ಮಕ್ಕಳೂ ಹುಟ್ಟುವಾಗ ಚೆನ್ನಾಗಿದ್ದು, ಬರುಬರುತ್ತಾ ಬುದ್ಧಿ ಬೆಳವಣಿಗೆಯಲ್ಲಿ ಹಿಂದೆ ಬಿದ್ದರು. ಮಕ್ಕಳ ಮೂತ್ರಕ್ಕೆ ಒಂದು ವಿಚಿತ್ರ ವಾಸನೆ ಇತ್ತು. ಕಾರಣ ಕೇಳಿಕೊಂಡು ಆ ತಾಯಿ ವೈದ್ಯರಿಂದ ವೈದ್ಯರಿಗೆ ಅಲೆದರು. ಕೊನೆಗೆ 1934ರಲ್ಲಿ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರು ಮೂತ್ರ ಪರೀಕ್ಷಿಸಿ, ಆಹಾರದ ಪ್ರೊಟೀನಿನ ಒಂದು ಅಂಶವನ್ನು ಈ ಮಕ್ಕಳ ದೇಹ ಅರಗಿಸಿಕೊಳ್ಳುತ್ತಿಲ್ಲ, ಅದೇ ಮಿದುಳನ್ನು ಕೆಡಿಸುತ್ತಿದೆ ಎಂದು ತೋರಿಸಿದರು. ಕಾರಣವೇನೋ ಸಿಕ್ಕಿತು, ಆದರೆ ಆ ಮಕ್ಕಳಿಗೆ ಕಾಲ ಮೀರಿತ್ತು. ಪಥ್ಯದಿಂದ ಇದನ್ನು ಹತೋಟಿಗೆ ತರಬಹುದು ಎಂದು ಇಂಗ್ಲೆಂಡಿನಲ್ಲಿ ಗೊತ್ತಾದದ್ದು 1950ರ ದಶಕದಲ್ಲಿ. ಆದರೆ ಲಕ್ಷಣ ಕಾಣಿಸಿಕೊಂಡ ಮೇಲೆ ಪಥ್ಯ ಮಾಡಿ ಏನು ಫಲ? ಹುಟ್ಟಿದ ಕೂಡಲೇ ಗುರುತಿಸಬೇಕು. ಅದಕ್ಕೊಂದು ಸುಲಭ ದಾರಿ ಕೊಟ್ಟವರು ಅಮೆರಿಕದ ರಾಬರ್ಟ್ ಗುತ್ರಿ. ಸ್ವತಃ ಬುದ್ಧಿಮಾಂದ್ಯ ಮಗುವಿನ ತಂದೆಯಾಗಿದ್ದ ಅವರು 1960ರ ದಶಕದ ಆರಂಭದಲ್ಲಿ, ಕೂಸಿನ ಹಿಮ್ಮಡಿಯಿಂದ ಒಂದು ಹನಿ ರಕ್ತವನ್ನು ಹೀರುಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ವಿಧಾನ ತಂದರು. ಆ ಕಾಗದವನ್ನು ಅಂಚೆಯಲ್ಲೇ ಪ್ರಯೋಗಾಲಯಕ್ಕೆ ಕಳಿಸಬಹುದು. ಕಾರಣ ತಿಳಿದಾಗಿನಿಂದ ಈ ಕಾಗದ ಬರುವವರೆಗೆ ಸುಮಾರು ಮೂವತ್ತು ವರ್ಷ ಹಿಡಿಯಿತು.

ಇದು ಪರದೇಶದ ಕತೆ ಎಂದುಕೊಳ್ಳಬೇಡಿ. ನಮ್ಮವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅವರ ಜೊತೆಗಾರರು 1980ರ ದಶಕದಲ್ಲೇ ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಇಂಥ ಕಾಯಿಲೆಗಳಿಗಾಗಿ ಪರೀಕ್ಷಿಸಿದರು. ಬೆಂಗಳೂರು, ಮೈಸೂರುಗಳಲ್ಲಿ ಅವರು ನೋಡಿದ ಮದುವೆಗಳಲ್ಲಿ ಸುಮಾರು ಮೂರರಲ್ಲಿ ಒಂದು ರಕ್ತಸಂಬಂಧದೊಳಗೆ ಆದದ್ದು. ಅದರಲ್ಲೂ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟ ಮದುವೆಗಳೇ ಹೆಚ್ಚು. ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷದ ಜೀನ್ ಅಡಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಸಂಬಂಧದೊಳಗೆ ಮದುವೆಯಾದಾಗ ಇಬ್ಬರಲ್ಲೂ ಒಂದೇ ದೋಷ ಇರುವ ಸಾಧ್ಯತೆ ಹೆಚ್ಚು. ಹಾಗೆ ಮದುವೆಯಾದವರ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಇರುತ್ತಾರೆ, ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಆದರೆ ಮನೆತನದಲ್ಲಿ ಇಂಥ ಮಗು ಇದ್ದರೆ, ಇನ್ನೊಂದು ಸಂಬಂಧ ಬೆಳೆಸುವ ಮೊದಲು, ಇನ್ನೊಂದು ಮಗುವಿಗೆ ಮೊದಲು, ವೈದ್ಯರನ್ನು ಒಂದು ಮಾತು ಕೇಳಿ.

ಅದೇ ಹಿಮ್ಮಡಿಯ ಹನಿಯಲ್ಲಿ ಥೈರಾಯ್ಡ್ ಕೊರತೆಯೂ ತಿಳಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು 1,100 ಮಕ್ಕಳಿಗೆ ಒಂದರಂತೆ ಈ ಕೊರತೆ ಕಂಡಿತು. ಹುಟ್ಟಿದಾಗ ಕೂಸು ನೋಡಲು ಚೆನ್ನಾಗಿಯೇ ಇರುತ್ತದೆ. "ಪಾಪು ಅಳೋದೇ ಇಲ್ಲ, ಸುಮ್ಮನೆ ಮಲಗಿರುತ್ತೆ" ಎಂದು ಮನೆಯವರು ಹಿಗ್ಗುತ್ತಾರೆ. ಒಳಗೆ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತಿರುತ್ತದೆ. ಮೊದಲ ಎರಡು ವಾರದೊಳಗೆ ಮಾತ್ರೆ ಶುರು ಮಾಡಿದರೆ ಮಗು ಎಲ್ಲರಂತೆ ಬೆಳೆಯುತ್ತದೆ. ಮಾತ್ರೆಯ ಬೆಲೆಯೂ ಹೆಚ್ಚಲ್ಲ, ದಿನಾ ತಪ್ಪದೆ ಕೊಡಬೇಕು ಅಷ್ಟೆ. ತಿಂಗಳುಗಟ್ಟಲೆ ತಡವಾದರೆ ಅದೇ ಮಾತ್ರೆ ಮೈ ಬೆಳೆಸೀತು, ಹೋದ ಬುದ್ಧಿಯನ್ನು ಪೂರ್ತಿ ತಂದುಕೊಡಲಾರದು.

ಇನ್ನು ಕಿವಿಯ ವಿಷಯ. ನಮ್ಮ ಒಳಕಿವಿ ಶಬ್ದವನ್ನು ಕೇಳುವುದಷ್ಟೇ ಅಲ್ಲ, ತಾನೂ ಬಹಳ ಸಣ್ಣ ಶಬ್ದವನ್ನು ಹೊರಡಿಸುತ್ತದೆ ಎಂದು ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿ ತೋರಿಸಿದರು. ಆಗ ಅದು ಬರೀ ಕುತೂಹಲದ ಸಂಗತಿ. ಇಂದು ಅದೇ ತತ್ವದ ಪುಟ್ಟ ಯಂತ್ರವನ್ನು ಮಲಗಿರುವ ಕೂಸಿನ ಕಿವಿಗಿಟ್ಟು, ಕೆಲವೇ ನಿಮಿಷಗಳಲ್ಲಿ ಕಿವಿ ಕೇಳುವ ಬಗ್ಗೆ ಮೊದಲ ಸುಳಿವು ಪಡೆಯಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ತಪಾಸಣೆಯನ್ನು ಊರುಗಳ ಹತ್ತಿರಕ್ಕೆ ತರಲೆಂದು ತೆರೆದ ಕೇಂದ್ರಗಳಲ್ಲಿ ಒಂದು ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನದು. ಲಂಡನ್ನಿನ ಪ್ರಯೋಗಾಲಯದ ವಿದ್ಯೆ ಅಕ್ಕಿಹೆಬ್ಬಾಳಿಗೆ ಬಂತು ಎಂದರೆ ಹೆಮ್ಮೆಪಡಬೇಕಾದ ವಿಷಯ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಆರಂಭ, ಇದು ಜಗತ್ತಿನಾದ್ಯಂತ ತಜ್ಞರು ಒಪ್ಪಿದ ಲೆಕ್ಕ.

ನಮ್ಮ ಅಕ್ಕನ ಮಗನ ವಿಷಯದಲ್ಲಿ ಈ ಲೆಕ್ಕ ತಪ್ಪಿತು. ಕರೆದರೆ ತಿರುಗುತ್ತಿರಲಿಲ್ಲ. "ಗಂಡು ಮಕ್ಕಳಿಗೆ ಮಾತು ತಡ, ಅವರಪ್ಪನಿಗೂ ಮೂರು ವರ್ಷಕ್ಕೇ ಮಾತು ಬಂದದ್ದು" ಎಂದರು ಹಿರಿಯರು. ಹರಕೆ ಹೊತ್ತರು, ತಾಯತ ಕಟ್ಟಿಸಿದರು. ಮೂರು ತುಂಬಿದ ಮೇಲೆ ಮೈಸೂರಿಗೆ ಹೋದರು. ಕಿವಿಗೆ ಯಂತ್ರ ಬಂತು, ತರಬೇತಿ ಶುರುವಾಯಿತು. ಅಲ್ಲಿ ಮಗುವಿನ ಜೊತೆ ತಾಯಿಗೂ ಕಲಿಸುತ್ತಾರೆ. ಅಕ್ಕ ಬೆಳಿಗ್ಗೆ ಮುದ್ದೆ ಬೇಯಿಸಿಟ್ಟು ಪಾಂಡವಪುರದಿಂದ ಮೈಸೂರು ಬಸ್ಸು ಹತ್ತಿ, ಸಂಜೆ ಮನೆ ಸೇರುತ್ತಿದ್ದಳು. ಹೀಗೆ ವರ್ಷಗಟ್ಟಲೆ ನಡೆಯಿತು. ಇಂದು ಅವನು ಎಲ್ಲರ ಜೊತೆ ಶಾಲೆಗೆ ಹೋಗುತ್ತಾನೆ, ನನ್ನನ್ನು "ಮಾಮ" ಎಂದು ಕೂಗುತ್ತಾನೆ. ಆದರೆ ಓರಗೆಯವರಷ್ಟು ಮಾತು ಇನ್ನೂ ಕೂಡಿಲ್ಲ. ಮೊದಲ ಮೂರು ವರ್ಷ ಯಾರೂ ತಿರುಗಿ ಕೊಡಲಾರರು. ಹರಕೆ ಹೊರಬೇಡಿ ಎಂದು ನಾನು ಹೇಳುವುದಿಲ್ಲ. ಹರಕೆಯ ಜೊತೆಗೆ ಮೈಸೂರು ಬಸ್ಸನ್ನೂ ಹತ್ತಿ, ಬೇಗ ಹತ್ತಿ ಎನ್ನುತ್ತೇನೆ.

ಎಲ್ಲದಕ್ಕೂ ಮಾತ್ರೆ, ಯಂತ್ರ ಇಲ್ಲ. ಆಟಿಸಂ ಇರುವ ಮಗುವನ್ನು ಗುಣಪಡಿಸುವ ಔಷಧಿ ಇಲ್ಲ. ಇದೆ ಎಂದು ದುಡ್ಡು ಕೇಳುವವರನ್ನು ನಂಬಬೇಡಿ. ಆದರೆ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮಗೆ ಧೈರ್ಯ ಕೊಡುತ್ತದೆ. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ತರಬೇತಿ ಪಡೆದು ತಂದೆ ತಾಯಂದಿರಿಗೆ ಮಗುವಿನ ಜೊತೆ ಒಡನಾಡುವ ಬಗೆ ಕಲಿಸಿದರು. ಆಗ ಮಗು ತಾನಾಗಿ ತಂದೆ ತಾಯಿಯ ಕಡೆ ತಿರುಗಿ ವ್ಯವಹರಿಸುವುದು ಹೆಚ್ಚಿತು. ಅಂದರೆ ಹಳ್ಳಿಯಲ್ಲಿದ್ದುಕೊಂಡೇ ಮಾಡಬಹುದಾದದ್ದೂ ಇದೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಪ್ರೋಗ್ರಾಂ ಬರೆದು ಮುಗಿಸಿದರೆ ಅರ್ಧ ಕೆಲಸ, ಬಳಸುವವರ ಕೈಯಲ್ಲಿ ಅದು ನಡೆದರೆ ಪೂರ್ತಿ ಕೆಲಸ. ಇದನ್ನು ನಿಮಗೆ ನಿಮ್ಮ ಭಾಷೆಯಲ್ಲೇ ಹೇಳಬಹುದು. ಕನ್ನಂಬಾಡಿ ಕಟ್ಟೆ ತುಂಬಿದರೆ ಸಾಲದು. ತೂಬು ಎತ್ತಬೇಕು, ನಾಲೆಯ ಹೂಳು ತೆಗೆಯಬೇಕು, ಕೊನೆಯ ಗದ್ದೆಗೂ ನೀರು ಹಾಯಿಸಲು ನೀರುಗಂಟಿ ಇರಬೇಕು, ಅದೂ ಪೈರು ಒಣಗುವ ಮೊದಲು. ಈ ವಿಷಯದಲ್ಲಿ ನಮ್ಮ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರು, ಶಾಲೆಯ ಮೇಷ್ಟ್ರು ಇವರೇ ನೀರುಗಂಟಿಗಳು.

ಆದ್ದರಿಂದ ಮೂರು ಕೋರಿಕೆ. ಬಸುರಿ ಹೆಂಗಸರಿರುವ ಮನೆಯವರೇ, ಹೆರಿಗೆಯಾದ ಆಸ್ಪತ್ರೆ ಬಿಡುವ ಮೊದಲು "ಮಗುವಿನ ಥೈರಾಯ್ಡ್ ಪರೀಕ್ಷೆ ಆಯಿತಾ? ಕಿವಿ ಪರೀಕ್ಷೆ ಆಯಿತಾ?" ಎಂದು ಎರಡು ಪ್ರಶ್ನೆ ಕೇಳಿ. ಆಗಿಲ್ಲ ಎಂದರೆ ಎಲ್ಲಿ, ಯಾವತ್ತು ಮಾಡಿಸಬೇಕು ಎಂದು ಕೇಳಿ, ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳಿ. ಆಶಾ ಅಕ್ಕಂದಿರು ಮೊದಲ ವಾರದಲ್ಲೇ ಮನೆಗೆ ಬರುತ್ತಾರೆ, ಅವರಿಗೂ ತೋರಿಸಿ.

ಗುರುಗಳೇ, ಓದು ಹತ್ತದ ಮಗುವನ್ನು ದಡ್ಡ ಎನ್ನುವ ಮೊದಲು ಕಿವಿ, ಕಣ್ಣು, ಥೈರಾಯ್ಡ್ ಪರೀಕ್ಷೆ ಮಾಡಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಅಂಥ ಮಗುವನ್ನು ಹಿಂದಿನ ಬೆಂಚಿನಿಂದ ಕರೆದು ಮುಂದೆ ನಿಲ್ಲಿಸಿ. ಆ ದಿನ ಅದು ಗೈರಾಗಿದ್ದರೆ ಮನೆಗೆ ಹೇಳಿಕಳಿಸಿ.

ಹಿರಿಯ ವಿದ್ಯಾರ್ಥಿಗಳೇ, ಶಾಲೆಗೆ ಕಮಾನು ಕಟ್ಟಿಸೋಣ, ಸಂತೋಷ. ಜೊತೆಗೆ ಒಂದು ಸಣ್ಣ ನಿಧಿಯನ್ನೂ ಇಡೋಣ. ಮೈಸೂರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಬೇಕಾದ ಮಗುವಿನ ಬಸ್ ಚಾರ್ಜು, ತಾಯಿಗೆ ತಪ್ಪಿದ ಕೂಲಿ, ಜೊತೆಗೆ ಹೋಗಲು ಒಬ್ಬ ತಿಳಿದವರು, ಇಷ್ಟಕ್ಕೆ ಆ ನಿಧಿ. ಒಂದು ಸಲ ಹೋಗಿ ಬಂದವರು ಎರಡನೇ ಸಲ ಹೋಗದೆ ಉಳಿಯುವುದು ಹೆಚ್ಚಾಗಿ ಇಷ್ಟಕ್ಕೇ. ಯಾವ ಮಗು ಯಾವ ದಿನ ಹೋಗಬೇಕು ಎಂದು ಮನೆಯವರ ಫೋನಿಗೆ ನೆನಪಿಸುವ ವ್ಯವಸ್ಥೆಯನ್ನು ನಾನು ಮಾಡಿಕೊಡುತ್ತೇನೆ. ಹೆಸರು, ಕಾಯಿಲೆ ಹೊರಗೆ ಹೋಗದಂತೆ ಕಾಯುವ ಹೊಣೆಯೂ ನನ್ನದೇ. ಫೋನ್ ಎತ್ತದ ಮನೆಯ ಬಾಗಿಲಿಗೆ ಹೋಗಿ ಬರುವವರು ಮಾತ್ರ ಊರಿನಲ್ಲೇ ಬೇಕು. ಹೆಸರು ಕೊಡುವವರು ಕಾರ್ಯಕ್ರಮ ಮುಗಿದ ಮೇಲೆ ಸಮಿತಿಯವರ ಹತ್ತಿರ ಬರೆಸಿ.