ವೇಗದ ಹಾದಿಗೆ ಸೇರುವ ಹೊತ್ತು
ಪುಣೆಯ ಅಂಚಿನ ಕಿವಳೆಯಿಂದ ನವಿ ಮುಂಬಯಿಯ ಕಳಂಬೋಲಿಯವರೆಗೆ ಸುಮಾರು 94 ಕಿಲೋಮೀಟರ್ ಸಾಗುವ, 2002ರಲ್ಲಿ ಪೂರ್ಣಗೊಂಡ ಯಶವಂತರಾವ್ ಚವಾಣ್ ಎಕ್ಸ್‌ಪ್ರೆಸ್‌ವೇಗೆ ಬರುವ ಹೊಸ ಚಾಲಕರು ಪುಣೆಯ ಬಡಾವಣೆಗಳಾದ ಹಡಪ್ಸರ, ಕೊಥ್ರೂಡಗಳ ದಟ್ಟಣೆಯಲ್ಲಿ ಕಲಿತ ಅಭ್ಯಾಸವನ್ನೇ, ಅಂದರೆ ನಿಂತು ನಿಂತು ನುಸುಳುವುದನ್ನೇ, ಇಲ್ಲಿಗೂ ತರುತ್ತಾರೆ. ಎಡಬದಿಯಿಂದ ಮುಖ್ಯ ಹಾದಿಗೆ ಕೂಡುವ ಪಟ್ಟಿಗೆ ವೇಗವರ್ಧನ ಪಥವೆಂದು ಹೆಸರು. ಅಲ್ಲಿ ನಿಧಾನಿಸುವುದೇ ಸುರಕ್ಷಿತವೆಂಬ ನಂಬಿಕೆ ನಿಜಕ್ಕೂ ಅಪಾಯಕಾರಿ, ಏಕೆಂದರೆ ಗಂಟೆಗೆ 100 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 28 ಮೀಟರ್ ಕ್ರಮಿಸಿದರೆ 40ರಲ್ಲಿರುವುದು 11 ಮೀಟರನ್ನಷ್ಟೇ ಕ್ರಮಿಸುವುದರಿಂದ, ನಡುವಿನ ಅಂತರ ಸೆಕೆಂಡಿಗೆ 17 ಮೀಟರಿನಂತೆ ಕರಗುತ್ತದೆ.

ಆದ್ದರಿಂದ ಚಾಲಕರು ಬಲಗಡೆಯ ಇಂಡಿಕೇಟರನ್ನು ಮೊದಲೇ ಹಾಕಿ, ಕನ್ನಡಿಯಲ್ಲಿ ತೆರಪನ್ನು ಗುರುತಿಸಿ, ಕನ್ನಡಿಗೂ ಕಾಣದ ಕುರುಡುತಾಣವನ್ನು ಕತ್ತು ಹೊರಳಿಸಿ ನೋಡಿ, ಎಡ ಪಥದ ವಾಹನಗಳ ವೇಗಕ್ಕೆ ತಮ್ಮ ವೇಗವನ್ನು ಹೊಂದಿಸಿಕೊಂಡು ಸೇರಬೇಕು. ಆ ಪಥ ಭಾರಿ ವಾಹನಗಳದು. ಹೊರೆ ಹೊತ್ತ ಲಾರಿ ಬ್ರೇಕ್ ಹಾಕಿದರೂ ಬಹುದೂರ ಸಾಗಿಯೇ ನಿಲ್ಲುವುದರಿಂದ, ಅದರ ಮುಂದೆ ನುಗ್ಗುವ ಬದಲು ಅದು ಹಾದುಹೋದ ಮೇಲೆ ಹಿಂದೆ ಸೇರುವುದು ಲೇಸು. ಸೇರಿದೊಡನೆ ಬಲಕ್ಕೆ ಹಾಯದೆ, ಆ ವೇಗಕ್ಕೆ ಕಣ್ಣು ಒಗ್ಗುವವರೆಗೆ ಅದೇ ಪಥದಲ್ಲಿ ಮುಂದಿನ ವಾಹನದಿಂದ ಸಾಕಷ್ಟು ಅಂತರವಿಟ್ಟು ಸಾಗಿದರೆ, ಮುಂದೆ ನಡುವಿನ ಪಥಕ್ಕೆ ಬದಲಾಗುವುದು ಸುಲಭವಾಗುತ್ತದೆ.