ಕಿವಿಯೊಳಗೆ ನಾಡಿ ಬಡಿದಾಗ: ಆಪರೇಷನ್ ಆಗಿ 4 ವರ್ಷದ ನಂತರ

(ಈ ವಾರದ ಆರೋಗ್ಯ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗುವಂತೆ ಸಣ್ಣಪುಟ್ಟ ಬದಲಾವಣೆ ಮಾಡಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಾ? ಹಾಗಾದ್ರೆ ಒಂದು ಕೆಲಸ ಮಾಡಿ. ನನ್ನನ್ನ ಹತ್ತು ಸೆಕೆಂಡ್ ನಿಲ್ಲಿಸಿ, ಇಯರ್‌ಫೋನ್ ತೆಗೆದು ಸುಮ್ನೆ ಕೂತ್ಕೊಳ್ಳಿ.

ಏನು ಕೇಳಿಸ್ತು? ಫ್ಯಾನು, ಪಕ್ಕದ ಮನೆ ಮಿಕ್ಸಿ, ದೂರದ ಹಾರ್ನ್, ಅಷ್ಟೇ ಅಲ್ವಾ? 5 ವರ್ಷದ ಹಿಂದೆ ನಾನು ಹಾಗೆ ಕೂತಾಗ ಮೊದಲು ಕೇಳ್ತಿದ್ದದ್ದು ಇವ್ಯಾವುದೂ ಅಲ್ಲ. ಬಲಗಿವಿಯೊಳಗೆ ‘ಶ್ಶೂ... ಶ್ಶೂ... ಶ್ಶೂ...’ ಅಂತ ಯಾರೋ ಸೈಕಲ್ಲಿಗೆ ಗಾಳಿ ಹೊಡೀತಿರೋ ಹಾಗೆ. ಹಗಲು ಹೇಗೋ ಕಳೀತಿತ್ತು. ರಾತ್ರಿ ಕರೆಂಟ್ ಹೋಗಿ ಫ್ಯಾನ್ ನಿಂತ್ರೆ ಮುಗೀತು, ಬೆಳಗಿನವರೆಗೂ ನಿದ್ದೆ ಇಲ್ಲ. ಮೆಟ್ಟಿಲು ಹತ್ತಿದ್ರೆ ಆ ಶಬ್ದ ಜೋರಾಗ್ತಿತ್ತು, ಬೇಗ ಬೇಗ ಬರ್ತಿತ್ತು.

ಅಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ರು. ದಯವಿಟ್ಟು ನೀವು ಅದನ್ನ ಮಾಡಬೇಡಿ. ಮೊದಲು ನೋಡಿದ ಡಾಕ್ಟ್ರು ಕಿವಿಯ ಪರದೆ ಚೆನ್ನಾಗಿದೆ, ಶ್ರವಣ ಪರೀಕ್ಷೆ ನಾರ್ಮಲ್, ಇದು ಟೆನ್ಶನ್, ಮೊಬೈಲ್ ಕಡಿಮೆ ಮಾಡಿ ಅಂದ್ರು. ನಾನೂ ನಂಬಿದೆ. ಹೆಚ್ಚು ಕಡಿಮೆ ಒಂದು ವರ್ಷ ಹಾಗೇ ಕಳೀತು.

ಆಮೇಲೆ ಇನ್ನೊಬ್ಬ ಇಎನ್‌ಟಿ ಡಾಕ್ಟರ ಹತ್ರ ಹೋದೆ. ಅವರು ನನ್ನ ಕೈ ಹಿಡಿದು ನಾಡಿ ನೋಡ್ತಾ, “ಕಿವೀಲಿ ಶಬ್ದ ಬಂದಾಗೆಲ್ಲ ಇನ್ನೊಂದು ಕೈಯಲ್ಲಿ ಟೇಬಲ್ ತಟ್ಟಮ್ಮ” ಅಂದ್ರು. ನಾನು ತಟ್ಟಿದೆ. ಅವರು ನಾಡಿ ಎಣಿಸಿದ್ರು. ಎರಡೂ ಒಂದೇ ತಾಳ! “ಇದು ನಿನ್ನ ಮನಸ್ಸಿನ ಶಬ್ದ ಅಲ್ಲ, ರಕ್ತದ ಶಬ್ದ” ಅಂದ್ರು. ಆ ಕುರ್ಚೀಲಿ ಕೂತು ನಾನು ಅತ್ತೆ. ಕಾಯಿಲೆ ಇದೆ ಅಂದದ್ದಕ್ಕಲ್ಲ, ಯಾರೋ ಒಬ್ಬರು ನಂಬಿದ್ರಲ್ಲ ಅಂತ.

ಇದರ ಹೆಸರು ಪಲ್ಸಟೈಲ್ ಟಿನ್ನಿಟಸ್. ನಾಡಿಯ ಜೊತೆ ಬಡಿಯುವ ಕಿವಿಮೊರೆತ ಅನ್ನಬಹುದು. ನಮ್ಮಲ್ಲಿ ತುಂಬಾ ಜನರಿಗೆ ಇರುವ ಮಾಮೂಲಿ ಕಿವಿಮೊರೆತ ಬೇರೆ. ಅದು ‘ಗುಂಯ್’ ಅಂತಲೋ ‘ಕೀ’ ಅಂತಲೋ ಒಂದೇ ಸಮನೆ ಬರತ್ತೆ. ಹೆಚ್ಚಾಗಿ ಕಿವಿಯ ಒಳಗಿನ ಸೂಕ್ಷ್ಮ ಕೋಶಗಳು ಹಾಳಾದಾಗ, ಜೋರು ಸದ್ದು ಕೇಳಿ ಕೇಳಿ ಬರುವಂಥದ್ದು. ಅಲ್ಲಿ ಹೊರಗೆ ಶಬ್ದ ಅನ್ನೋದೇ ಇರಲ್ಲ, ಮಿದುಳು ಸೃಷ್ಟಿಸಿಕೊಳ್ಳತ್ತೆ. ನಾಡಿಯ ಜೊತೆ ಬಡಿಯುವ ಮೊರೆತದಲ್ಲಿ ಬಹಳ ಸಲ ನಿಜವಾದ ಶಬ್ದ ಇರತ್ತೆ. ಕೆಲವರಲ್ಲಿ ಕಿವಿಯ ಹಿಂದೆ ಸ್ಟೆಥೊಸ್ಕೋಪ್ ಇಟ್ರೆ ಡಾಕ್ಟರಿಗೂ ಕೇಳಿಸತ್ತೆ. ಕಿವಿಮೊರೆತ ಇರುವವರಲ್ಲಿ ಈ ಬಗೆಯವರು ಸುಮಾರು ನೂರಕ್ಕೆ 10ಕ್ಕಿಂತ ಕಡಿಮೆ. ಶಬ್ದ ನಿಜ ಅಂದ್ಮೇಲೆ ಅದಕ್ಕೊಂದು ಜಾಗ ಇರಲೇಬೇಕು. ಆ ಜಾಗ ಸಿಕ್ಕರೆ ನಿಲ್ಲಿಸುವ ದಾರಿಯೂ ಸಿಗಬಹುದು.

ಜಾಗಗಳು ಹಲವು. ಆಪರೇಷನ್ ಬೇಕೇ ಇಲ್ಲದ ಕಾರಣಗಳೂ ಇವೆ. ರಕ್ತಹೀನತೆ ಇದ್ರೆ, ಥೈರಾಯ್ಡ್ ಜಾಸ್ತಿ ಇದ್ರೆ, ಗರ್ಭಿಣಿಯಾಗಿದ್ರೆ ರಕ್ತ ಜೋರಾಗಿ ಓಡತ್ತೆ, ಅದೇ ಕೇಳಿಸಬಹುದು. ಅದಕ್ಕೇ ಮೊದಲು ಬಿಪಿ, ಹಿಮೋಗ್ಲೋಬಿನ್, ಥೈರಾಯ್ಡ್ ನೋಡ್ತಾರೆ. ಆಮೇಲೆ ಸಿಟಿ, ಎಂಆರ್‌ಐ, ರಕ್ತನಾಳಗಳ ಸ್ಕ್ಯಾನ್.

ನನ್ನದು ಸಿಗ್ಮಾಯ್ಡ್ ಸೈನಸ್. ನೆಗಡಿ ಆದಾಗ ಕಟ್ಟಿಕೊಳ್ಳುವ ಸೈನಸ್ ಅಲ್ಲ ಇದು. ಮಿದುಳಿನಿಂದ ರಕ್ತವನ್ನ ಕೆಳಗಿಳಿಸುವ ದೊಡ್ಡ ಕಾಲುವೆ. ಕಿವಿಯ ಹಿಂದೆ ಮುಟ್ಟಿ ನೋಡಿ, ಉಬ್ಬಿದ ಮೂಳೆ ಸಿಗತ್ತಲ್ಲ, ಅದರ ಒಳಗಡೆ ಹಾದುಹೋಗತ್ತೆ. ಕಾಲುವೆಗೂ ಕಿವಿಗೂ ನಡುವೆ ತೆಳ್ಳನೆ ಮೂಳೆಯ ಗೋಡೆ. ಕೆಲವರಲ್ಲಿ ಆ ಗೋಡೆ ಸವೆದು ತೂತಾಗಿರತ್ತೆ. ಇನ್ನು ಕೆಲವರಲ್ಲಿ ಕಾಲುವೆಯೇ ಬಲೂನಿನ ಹಾಗೆ ಮೂಳೆಯೊಳಕ್ಕೆ ಉಬ್ಬಿರತ್ತೆ. ಗೋಡೆ ಬಿದ್ದ ಮನೇಲಿ ಪಕ್ಕದ ಮನೆ ಮಾತೆಲ್ಲ ಕೇಳೋ ಹಾಗೆ, ರಕ್ತ ಹರಿಯೋ ಸದ್ದು ನೇರವಾಗಿ ಕಿವಿಗೆ.

ಮೊದಲೆಲ್ಲ ಇದಕ್ಕೆ ಕತ್ತಿನ ದೊಡ್ಡ ಅಭಿಧಮನಿಯನ್ನೇ ಕಟ್ಟಿಬಿಡ್ತಿದ್ರು. ಕೆಲವರಿಗೆ ಶಬ್ದ ನಿಂತಿತು, ಕೆಲವರಿಗೆ ವಾಪಸ್ ಬಂತು. ಮಿದುಳಿನಿಂದ ರಕ್ತ ಇಳಿಯೋ ದಾರಿ ಮುಚ್ಚಿದ್ರೆ ತಲೆಯೊಳಗಿನ ಒತ್ತಡ ಏರುವ ಅಪಾಯವೂ ಇತ್ತು. ಈಗ ಗೋಡೆಯನ್ನೇ ರಿಪೇರಿ ಮಾಡ್ತಾರೆ. ಕಿವಿಯ ಹಿಂದೆ ಗಾಯ ಮಾಡಿ, ಮೂಳೆ ಕೊರೆದು, ಕಾಲುವೆಯನ್ನ ತಲುಪಿ, ನಮ್ಮದೇ ಮಾಂಸದ ಹೊದಿಕೆ, ಮೂಳೆಯ ಪುಡಿ ಅಥವಾ ಮೂಳೆ ಸಿಮೆಂಟ್ ಇಟ್ಟು ಗೋಡೆ ಕಟ್ತಾರೆ. ಕಾಲುವೆಯನ್ನ ಒತ್ತಬಾರದು, ಒಳಗೆ ರಕ್ತ ಹೆಪ್ಪುಗಟ್ಟಬಾರದು. ಕಷ್ಟ ಇರೋದು ಅಲ್ಲೇ.

ನನ್ನ ಡಾಕ್ಟ್ರು ಆಪರೇಷನ್ನಿಗೆ ಡೇಟ್ ಕೊಡೋ ಮೊದಲು ನನ್ನನ್ನ ಕಣ್ಣಿನ ಡಾಕ್ಟರ ಹತ್ರ ಕಳಿಸಿದ್ರು. ನಂಗೆ ಸಿಟ್ಟು ಬಂತು. ಕಿವಿ ನೋವಿಗೆ ಕಣ್ಯಾಕೆ? ಅದರ ಅರ್ಥ ಆಮೇಲೆ ತಿಳೀತು. ತಲೆಯೊಳಗಿನ ಒತ್ತಡ ಜಾಸ್ತಿ ಇದ್ರೆ ಕಣ್ಣಿನ ಹಿಂದಿನ ನರ ಊದಿಕೊಳ್ಳತ್ತೆ, ಕಣ್ಣಿನ ಪರೀಕ್ಷೇಲಿ ಗೊತ್ತಾಗತ್ತೆ. ಈ ಒತ್ತಡ ಹೆಚ್ಚಾಗಿ ಕಾಣೋದು ತೂಕ ಜಾಸ್ತಿ ಇರುವ ಯುವತಿಯರಲ್ಲಿ. ಅದೇ ಒತ್ತಡ ಮೂಳೆಯ ಗೋಡೆಯನ್ನೂ ಸವೆಸಬಹುದು. ಒತ್ತಡ ಹಾಗೇ ಬಿಟ್ಟು ಗೋಡೆ ಮಾತ್ರ ಕಟ್ಟಿದ್ರೆ? ಪೈಪಿನಲ್ಲಿ ನೀರಿನ ಪ್ರೆಶರ್ ಕಡಿಮೆ ಮಾಡದೆ ಸೋರೋ ಜಾಗಕ್ಕೆ ಮಾತ್ರ ಸಿಮೆಂಟ್ ಮೆತ್ತಿದ ಹಾಗೆ.

ಇದನ್ನ ಕಣ್ಣಾರೆ ನೋಡಿದ್ದೀನಿ. ಆಸ್ಪತ್ರೇಲಿ ಪರಿಚಯವಾದ ಅಕ್ಕ ಒಬ್ಬರಿದ್ದಾರೆ. ಅವರಿಗೆ ಬೇರೆ ಕಡೆ ಇದೇ ಆಪರೇಷನ್ ಆಗಿತ್ತು. ಕಣ್ಣು ಯಾರೂ ನೋಡಿರಲಿಲ್ಲ. ಒಂದು ವರ್ಷ ನೆಮ್ಮದಿ. ಆಮೇಲೆ ಶಬ್ದ ವಾಪಸ್, ಜೊತೆಗೆ ತಲೆನೋವು, ಬಗ್ಗಿದ್ರೆ ಕಣ್ಣು ಮಂಜು. ಒತ್ತಡ ಮೊದಲಿಂದಲೂ ಇತ್ತು. ಈಗ ಮಾತ್ರೆ ತಗೋತಿದ್ದಾರೆ, ತೂಕ ಇಳಿಸಿದ್ದಾರೆ, ದೃಷ್ಟಿ ಉಳಿದಿದೆ. “ಆ ಶಬ್ದ ನಂಗೆ ಎಚ್ಚರಿಕೆ ಕೊಡ್ತಿತ್ತು ಕಣೇ, ನಾವು ಅದರ ಬಾಯಿ ಮುಚ್ಚಿಬಿಟ್ವಿ” ಅಂದ್ರು ಒಂದ್ಸಲ. ಆ ಮಾತು ಮರೆಯೋಕಾಗಿಲ್ಲ. ಇಂಥವರಲ್ಲಿ ಕೆಲವರಿಗೆ ಆ ರಕ್ತದ ಕಾಲುವೆ ಕಿರಿದಾಗಿರತ್ತೆ, ಅಲ್ಲಿಗೆ ಸ್ಟೆಂಟ್ ಹಾಕ್ತಾರೆ. ಹಾಕಿದ್ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ತಿಂಗಳುಗಟ್ಟಲೆ ಮಾತ್ರೆ ಬೇಕು.

ಇನ್ನೆರಡು ಕಾರಣ ಬೇಗ ಹೇಳಿಬಿಡ್ತೀನಿ. ಒಂದು, ಡ್ಯೂರಲ್ ಫಿಸ್ಟುಲಾ. ಮಿದುಳಿನ ಹೊದಿಕೆಯಲ್ಲಿ ಅಪಧಮನಿ ಮತ್ತು ಅಭಿಧಮನಿ ನೇರವಾಗಿ ಸೇರಿಕೊಂಡಿರತ್ತೆ. ಕೆಲವು ಬಗೆಗಳಲ್ಲಿ ಮಿದುಳಿನೊಳಗೆ ರಕ್ತಸ್ರಾವದ ಅಪಾಯ ಇದೆ. ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ಹಾಕಿ ಒಳಗಿಂದಲೇ ಮುಚ್ತಾರೆ. ಇನ್ನೊಂದು, ಒಳಗಿವಿಯ ಮೇಲಿನ ಅರ್ಧವೃತ್ತ ನಾಳದ ಮೇಲೆ ಮೂಳೆ ಇಲ್ಲದಿರೋದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಲಾಯ್ಡ್ ಮೈನರ್ ಮತ್ತು ಸಂಗಡಿಗರು 1998ರಲ್ಲಿ ಇದನ್ನ ವಿವರಿಸಿದ್ರು. ಇವರಿಗೆ ಕಣ್ಣುಗುಡ್ಡೆ ತಿರುಗೋ ಸದ್ದೂ ಕೇಳಿಸಬಹುದು! ಅದಕ್ಕೂ ಆಪರೇಷನ್ ಇದೆ.

ಹಾಗಾದ್ರೆ ಗೋಡೆ ಕಟ್ಟಿದ್ಮೇಲೆ ವರ್ಷಗಳ ನಂತರ ಏನಾಗತ್ತೆ? ಪ್ರಕಟವಾದ ಅಧ್ಯಯನಗಳು ಹೆಚ್ಚಾಗಿ ಚಿಕ್ಕವು, ಒಂದೊಂದು ಆಸ್ಪತ್ರೆಯ ಕೆಲವೇ ರೋಗಿಗಳ ಲೆಕ್ಕ. ಅವುಗಳಲ್ಲಿ ಬಹುಪಾಲು ಜನರಿಗೆ ಶಬ್ದ ಪೂರ್ತಿ ಹೋಗಿದೆ ಅಥವಾ ತುಂಬಾ ಕಡಿಮೆಯಾಗಿದೆ. ಸ್ವಲ್ಪ ಜನರಿಗೆ ಏನೂ ಆಗಿಲ್ಲ, ಇಲ್ಲವೇ ಮರುಕಳಿಸಿದೆ. ಆಪರೇಷನ್ ಆದ್ಮೇಲೆ ಜೋರು ತಲೆನೋವು, ವಾಂತಿ, ಕಣ್ಣು ಮಂಜು ಬಂದ್ರೆ ನಾಳೆ ನೋಡೋಣ ಅನ್ನಬಾರದು, ಅವತ್ತೇ ಹೋಗಬೇಕು.

ನನ್ನ ಕಥೆ? ಕಣ್ಣು ಚೆನ್ನಾಗಿತ್ತು, ಆಪರೇಷನ್ ಆಯ್ತು. ಮೊದಲ ದಿನಗಳಲ್ಲಿ ಬ್ಯಾಂಡೇಜು, ಕಿವಿ ಕಟ್ಟಿದ ಹಾಗೆ, ಏನೂ ತಿಳೀಲಿಲ್ಲ. ಮನೆಗೆ ಬಂದ ಮೇಲೆ ಒಂದು ರಾತ್ರಿ ಕರೆಂಟ್ ಹೋಯ್ತು. ಹಳೇ ಭಯಕ್ಕೆ ಉಸಿರು ಬಿಗಿಹಿಡಿದು ಮಲಗಿದೆ. ಕಪ್ಪೆ ಕೂಗ್ತಿತ್ತು. ಅಷ್ಟೇ. 4 ವರ್ಷ ಆಯ್ತು. ಜ್ವರ ಬಂದಾಗ, ಓಡಿ ಬಸ್ ಹತ್ತಿದಾಗ ಒಂಚೂರು ಕೇಳಿಸತ್ತೆ, ಕೂತ್ರೆ ಹೋಗತ್ತೆ. ಕಿವಿಯ ಹಿಂದೆ ಮುಟ್ಟಿದ್ರೆ ಸ್ವಲ್ಪ ಜಾಗ ಇನ್ನೂ ಮರಗಟ್ಟಿದೆ. ವರ್ಷಕ್ಕೊಮ್ಮೆ ಕಣ್ಣು ತೋರಿಸ್ತೀನಿ.

ನಿಮಗೋ ಮನೆಯವರಿಗೋ ಹೀಗೆ ಶಬ್ದ ಬರ್ತಿದ್ರೆ ಮೊದಲು ಮಣಿಕಟ್ಟಿನ ನಾಡಿ ಹಿಡಿದು ನೋಡಿ. ತಾಳ ಕೂಡಿದ್ರೆ ಇಎನ್‌ಟಿ ಡಾಕ್ಟರಿಗೆ ಆ ಮಾತನ್ನೇ ಹೇಳಿ: “ನಾಡಿ ಜೊತೆ ಬರತ್ತೆ.” ಕತ್ತು ಒತ್ತಿ ಒತ್ತಿ ಪರೀಕ್ಷೆ ಮಾಡ್ಕೋಬೇಡಿ, ಅದು ಡಾಕ್ಟರ ಕೆಲಸ. ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾಗಿದ್ರೆ, ಕಣ್ಣು ಮಂಜಾಗ್ತಿದ್ರೆ, ಮಾತು ತೊದಲಿದ್ರೆ, ಮುಖ ಸೊಟ್ಟಗಾದ್ರೆ ತಡ ಮಾಡಬೇಡಿ. ಶ್ರವಣ ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, ಮಿದುಳಿನ ರಕ್ತನಾಳದ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಆಪರೇಷನ್ ಅಂದ್ರೆ ಒಂದೇ ಪ್ರಶ್ನೆ ಕೇಳಿ: “ಡಾಕ್ಟ್ರೇ, ಗೋಡೆ ಯಾಕೆ ಸವೀತು ಅಂತ ನೋಡಿದ್ರಾ?”

ಇವತ್ತಿಗೆ ಇಷ್ಟು. ಯಾರಾದ್ರೂ ನಿಮ್ಮ ಹತ್ರ “ಕಿವೀಲಿ ಏನೋ ಬಡೀತಿದೆ” ಅಂದ್ರೆ ಟೆನ್ಶನ್ ಅಂತ ತಳ್ಳಿಹಾಕಬೇಡಿ, ಈ ಸಂಚಿಕೆ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.